ನಮ್ಮೂರ ಗುಮ್ಮಟ ನಾವೇ ನೋಡಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾವು ಅಪ್ಪನ ಕೆರೆ ದಂಡೆಯಲ್ಲಿ ದಿನಾ ವಾಕಿಂಗ್ ಮಾಡುವವರು. ಮನೆಗೆ ನೆಂಟರು ಬಂದರೆ ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಬುದ್ಧ ವಿಹಾರ ತೋರಿಸಿ ಕಳಿಸುತ್ತೇವೆ. ಉಳಿದದ್ದನ್ನು ನಾವೇ ನೋಡಿಲ್ಲ. ಈಗ ಎಲ್ಲರೂ ಸೇರಿ ಹೋಗೋಣ ಅಂತ ಮಾತಾಗಿದೆ. ಒಂದೇ ದಿನ ಬಸ್ ಮಾಡಿ ಮುಗಿಸಿಬಿಡೋಣ ಅನ್ನುತ್ತಾರೆ ಕೆಲವರು. ಏನು ಮಾಡೋಣ?
(ಒಬ್ಬ ಓದುಗ, ಕಲಬುರಗಿ)

ಉತ್ತರ: ಬಸ್ ಬೇಡ. ಬಸ್ ಮಾಡಿದರೆ ಅರ್ಧ ದಿನ ಯಾರು ಬಂದರು, ಯಾರು ಬರಲಿಲ್ಲ ಅಂತ ಎಣಿಸುವುದರಲ್ಲೇ ಹೋಗುತ್ತದೆ, ಉಳಿದರ್ಧ ಗ್ರೂಪ್ ಫೋಟೊಕ್ಕೆ. ಒಂದು ಭಾನುವಾರಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಹತ್ತು ಹನ್ನೆರಡು ಜನ ಸಾಕು.

ಮೊದಲು ಕೋಟೆಯ ಹೊರಗೆ, ಹತ್ತಿರದಲ್ಲೇ ಇರುವ ಹಳೇ ಗೋರಿಗಳಿಗೆ ಹೋಗಿ. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಬಹಮನ್ ಷಾ ಇಲ್ಲೇ ಮಲಗಿದ್ದಾನೆ. ಅವನು ತೀರಿಕೊಂಡದ್ದು 1358ರಲ್ಲಿ. ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲುತ್ತವೆ, ಅಲಂಕಾರ ಕಡಿಮೆ, ದೆಹಲಿಯ ತುಘಲಕರ ಕಟ್ಟಡಗಳ ಗತ್ತು. ನೋಡಲು ಏನಿದೆ ಇಲ್ಲಿ ಅಂತ ಯಾರಾದರೂ ಗೊಣಗುತ್ತಾರೆ, ಗೊಣಗಲಿ. ಮುಂದಿನ ಸಲ ಅವರನ್ನೇ ಹಫ್ತ್ ಗುಂಬಜ್‌ಗೆ ಕರೆದುಕೊಂಡು ಹೋಗಿ, ದರ್ಗಾದ ಹತ್ತಿರವೇ ಇದೆ, ದರ್ಗಾಕ್ಕೆ ಬಂದವರಲ್ಲಿ ಆ ಕಡೆ ತಿರುಗುವವರು ಮಾತ್ರ ಕಡಿಮೆ. ಅಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾನ ಗೋರಿಗೆ ಒಂದಲ್ಲ, ಎರಡು ಗುಮ್ಮಟ. ಸೂರಿನ ಕೆಳಗಿನ ಕಲ್ಲಿನ ಚಾಚುಗಳನ್ನು ನೋಡಿದರೆ ಇದನ್ನು ಗುಡಿ ಕಟ್ಟಿ ಪಳಗಿದ ಕೈಗಳೇ ಮಾಡಿರಬೇಕು ಅನಿಸುತ್ತದೆ. ಎರಡಕ್ಕೂ ನಡುವೆ ಅರವತ್ತು ಚಿಲ್ಲರೆ ವರ್ಷ, ಅಷ್ಟೇ. ದೆಹಲಿಯಿಂದ ಬಂದ ಕಟ್ಟಡ ನಮ್ಮ ಕಡೆಯದಾದ ಬಗೆ ಅಲ್ಲಿ ಕಣ್ಣಿಗೇ ಕಾಣುತ್ತದೆ. ಒಂದೇ ದಿನ ಬಸ್ಸಿನಲ್ಲಿ ಓಡಿದವರಿಗೆ ಎಲ್ಲಾ ಗುಮ್ಮಟವೂ ಒಂದೇ ಥರ.

ಅಲ್ಲೇ ಕೂತು ಹೇಳಲು ಒಂದು ಕಥೆಯೂ ಇದೆ. ಫಿರೋಜ್‌ನಿಗೆ ಮಗನನ್ನು ಪಟ್ಟಕ್ಕೆ ಕೂರಿಸುವ ಆಸೆ, ಸೂಫಿ ಸಂತ ಬಂದೇನವಾಜರ ಒಲವು ಅವನ ತಮ್ಮ ಅಹ್ಮದ್ ಕಡೆಗೆ. ಕೊನೆಗೆ ಪಟ್ಟ ಸಿಕ್ಕಿದ್ದು ಅಹ್ಮದ್‌ನಿಗೆ. 1422ರಲ್ಲಿ ಫಿರೋಜ್ ಹೋದ, ಅದೇ ವರ್ಷ ಬಂದೇನವಾಜರೂ ಹೋದರು. ರಾಜಧಾನಿಯನ್ನು ಬೀದರ್‌ಗೆ ಒಯ್ದವನು ಇದೇ ಅಹ್ಮದ್.

ಮೂರನೇ ಭಾನುವಾರ ಕೋಟೆಯೊಳಗಿನ ಜಾಮಾ ಮಸೀದಿ. 1367ರದ್ದು, ಕಟ್ಟಿದವನು ಇರಾನಿನ ಖಜ್ವೀನ್ ಕಡೆಯ ರಫಿ. ಮಸೀದಿ ಅಂದರೆ ನಡುವೆ ಬಯಲು ಅಂಗಳ ಇರಬೇಕಲ್ವಾ, ಇದಕ್ಕೆ ಇಲ್ಲ. ಪೂರ್ತಿ ಮುಚ್ಚಿದ್ದು. ಬೆಳಕು ಬರುವುದು ಬದಿಯ ಕಮಾನುಗಳಿಂದ, ಹಾಗಾಗಿ ಬೆಳಗ್ಗೆ ಬೇಗ ಹೋಗಿ. ಏಪ್ರಿಲ್, ಮೇ ತಿಂಗಳು ಬಿಟ್ಟುಬಿಡಿ, ನಮ್ಮ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಮುಗಿದ ಮೇಲೆ ಸೂಪರ್ ಮಾರ್ಕೆಟ್ ಕಡೆ ಸುಸಲಾ, ಮಿರ್ಚಿ. ಅದಿಲ್ಲದಿದ್ದರೆ ಎರಡನೇ ಸಲ ಯಾರೂ ಬರುವುದಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಮಕ್ಕಳಿಗೆ ನೌಬಾದ್‌ನ ಕರೇಜ್ (ನೆಲದಡಿಯ ಹಳೇ ನೀರಿನ ಕಾಲುವೆ) ತೋರಿಸಬೇಕು. ಸುರಂಗಕ್ಕೆ ಇಳಿಸಬಹುದೇ?
(ಶಿಕ್ಷಕಿ, ಬೀದರ್)

ಉತ್ತರ: ಇಳಿಸಬೇಡಿ ಟೀಚರ್. ಅದು ನೀರಿಗೆ ತೋಡಿದ ಕಾಲುವೆ, ಓಡಾಡಲು ಮಾಡಿದ್ದಲ್ಲ. ನೆಲದ ಮೇಲೆ ಬಾವಿಯಂಥ ಕಿಂಡಿಗಳಿವೆ, ಒಂದರಿಂದ ಇನ್ನೊಂದಕ್ಕೆ ಮಕ್ಕಳನ್ನು ನಡೆಸಿ, ಆದರೆ ಅಂಚಿಗೆ ಬಿಡಬೇಡಿ. ಕೆಳಗಿನ ಕಾಲುವೆ ಯಾವ ದಿಕ್ಕಿಗೆ ಹೋಗಿದೆ ಅಂತ ತಾವೇ ಕಂಡುಹಿಡಿಯುತ್ತಾರೆ. ಮಳೆ ನೀರು ಬೀದರ್‌ನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಸುಮ್ನೆ ಇಳಿದುಹೋಗುತ್ತದೆ, ಅಡಿಯ ಕರಿ ಬಂಡೆಗೆ ತಾಗಿ ನಿಲ್ಲುತ್ತದೆ. ಆ ನೀರನ್ನು ಸಣ್ಣ ಇಳಿಜಾರಿನಲ್ಲಿ ಹರಿಸಿ ತಂದರು, ಪಂಪೂ ಬೇಡ, ಎತ್ತೂ ಬೇಡ. ಕೊಳವೆಬಾವಿ ಬತ್ತಿದ ಮನೆಗಳ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂದಿನ ದಿನ ನೀವೊಬ್ಬರೇ ಹೋಗಿ ಜಾಗ ನೋಡಿಕೊಂಡು ಬನ್ನಿ.

ಪ್ರಶ್ನೆ: ನಾವು ಅಷ್ಟೂರಿನ ಬಹಮನಿ ಗೋರಿಗಳಿಗೆ ಹೊರಟರೆ, ಗೋರಿ ನೋಡಲು ನಿಮಗೇಕೆ ಹುಚ್ಚು ಅನ್ನುತ್ತಾರೆ ಮನೆಯ ಹಿರಿಯರು.
(ಕಾಲೇಜು ವಿದ್ಯಾರ್ಥಿ, ಬೀದರ್)

ಉತ್ತರ: ಅವರನ್ನೂ ಕರೆದುಕೊಂಡು ಹೋಗಪ್ಪಾ, ಅದೂ ಉರುಸಿನ ದಿನ. ರಾಜಧಾನಿಯನ್ನು ಬೀದರ್‌ಗೆ ತಂದ ಅಹ್ಮದ್ ಷಾ ವಲಿಯನ್ನು ಅಲ್ಲಮಪ್ರಭು ಅಂತ ನಂಬುವವರಿದ್ದಾರೆ. ಮಾಡ್ಯಾಳದ ಜಂಗಮರು ಪ್ರತಿ ವರ್ಷ ಅಲ್ಲಿಗೆ ಬರುತ್ತಾರೆ. ಗೋರಿಯೊಳಗಿನ ಬಣ್ಣದ ಚಿತ್ತಾರ ಇನ್ನೂ ಉಳಿದಿದೆ, ಒಳಗೆ ಕತ್ತಲು, ಸ್ವಲ್ಪ ಹೊತ್ತು ನಿಂತರೆ ಕಾಣುತ್ತದೆ. ಪಕ್ಕದಲ್ಲೇ ಹುಮಾಯೂನ್ ಷಾನ ಗೋರಿ, ಸಿಡಿಲು ಬಡಿದು ಅರ್ಧ ಗುಮ್ಮಟ ಬಿದ್ದಿದೆ. ಉಳಿದರ್ಧ ಸೀಳಿ ಇಟ್ಟ ಹಾಗೆ ನಿಂತಿರುವುದರಿಂದ ಗುಮ್ಮಟ ಎಷ್ಟು ದಪ್ಪ, ಹೇಗೆ ಕಟ್ಟಿದ್ದಾರೆ ಅನ್ನುವುದು ಹೊರಗಿನಿಂದಲೇ ತಿಳಿಯುತ್ತದೆ. ಸಿವಿಲ್ ಎಂಜಿನಿಯರಿಂಗ್ ಓದುವ ಗೆಳೆಯರಿದ್ದರೆ ಮೊದಲು ಅವರನ್ನು ಕರೆ. ಗೋಡೆ ಮೇಲೆ ಹೆಸರು ಕೆತ್ತುವವನು ಗುಂಪಿನಲ್ಲಿದ್ದರೆ ಮನೆಯಲ್ಲೇ ಬಿಟ್ಟು ಬಾ. ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಕೆಲವೊಮ್ಮೆ ಎರಡೂ.