ಹಾಡಿದವರು, ಹಾಡು ಹಾಕಿದವರು

“ಕಳೆದ ಸಂಚಿಕೆಯಲ್ಲಿ ರಾಕ್ ಅಂಡ್ ರೋಲ್ ಹಾಡಿದವರ ಬಗ್ಗೆ ಪುಟಗಟ್ಟಲೆ ಬರೆದಿರಿ. ಆ ಹಾಡುಗಳನ್ನು ರೇಡಿಯೋದಲ್ಲಿ ಹಾಕಿದವರಿಗೆ ಒಂದು ಸಾಲೂ ಇಲ್ಲವಲ್ಲ! ಹುಡುಗನಿದ್ದಾಗ ರೇಡಿಯೋ ಸಿಲೋನ್ ಹಿಡಿಯಲು ಮುಳ್ಳು ತಿರುಗಿಸುತ್ತಾ ಕೂತವನು ನಾನು. ಆ ಹುಚ್ಚು ಇನ್ನೂ ಇಳಿದಿಲ್ಲ. ಅಮೆರಿಕದ ರೇಡಿಯೋ ನಿರೂಪಕ ಅಲನ್ ಫ್ರೀಡ್‌ನನ್ನು ಬಿಟ್ಟದ್ದು ಅವನ ಲಂಚದ ಕೇಸಿನಿಂದಲೋ?”
– ಓದುಗರೊಬ್ಬರು, ಧಾರವಾಡ

ಹಿರಿಯರೇ,

ಕೇಸಿಗೆ ಹೆದರಿ ಬಿಟ್ಟದ್ದಲ್ಲ. ನಮಗೆ ಹೊಳೆಯಲೇ ಇಲ್ಲ. ಅದು ಇನ್ನೂ ಕೆಟ್ಟದ್ದು, ಅಲ್ವಾ?

ನನಗೆ ಫ್ರೀಡ್‌ಗಿಂತ ಮೊದಲು ನೆನಪಾಗುವವನು ಅಮೆರಿಕದ ಮೆಂಫಿಸ್ ನಗರದ ರೇಡಿಯೋ ನಿರೂಪಕ ಡ್ಯೂಯಿ ಫಿಲಿಪ್ಸ್. ಮೈಕ್ ಮುಂದೆ ಕೂತರೆ ಅವನ ಬಾಯಿಗೆ ಲಗಾಮೇ ಇರಲಿಲ್ಲ. 1954ರ ಜುಲೈನ ಒಂದು ರಾತ್ರಿ ಅವನ ಕೈಗೆ ಸನ್ ಸ್ಟುಡಿಯೋದ ಒಂದು ಪ್ಲೇಟು ಬಂತು. ಅಂಗಡಿಗೆ ಇನ್ನೂ ಬಂದಿರಲಿಲ್ಲ. ಹಾಡು ಆರ್ಥರ್ ಕ್ರೂಡಪ್ ಎಂಬ ಕಪ್ಪು ಗಾಯಕನ ಹಳೆಯ ಹಾಡು. ಈ ಸಲ ಹಾಡಿದವನು 19ರ ಹುಡುಗ ಎಲ್ವಿಸ್ ಪ್ರೀಸ್ಲಿ. ಡ್ಯೂಯಿ ಅದನ್ನೇ ಮತ್ತೆ ಮತ್ತೆ ಹಾಕಿದ. ಫೋನು ಒಂದೇ ಸಮನೆ ಬಡಿದುಕೊಂಡಿತು. ಹುಡುಗನನ್ನು ಕರೆಸಿ ಎಂದ. ಹುಡುಗನೋ, ಅಳುಕಿನಿಂದ ಸಿನಿಮಾ ಥಿಯೇಟರಿನ ಕತ್ತಲಲ್ಲಿ ಕೂತಿದ್ದ. ಅಪ್ಪ ಅಮ್ಮ ಹುಡುಕಿ ಕಳಿಸಿದರು.

ಮೈಕ್ ಆನ್ ಆಗಿದೆ ಎಂದು ಹೇಳದೆಯೇ ಡ್ಯೂಯಿ ಮಾತಿಗೆಳೆದ. ಯಾವ ಹೈಸ್ಕೂಲು ಎಂದು ಕೇಳಿದ. ಹ್ಯೂಮ್ಸ್ ಎಂದ ಎಲ್ವಿಸ್. ಡ್ಯೂಯಿಗೆ ಬೇಕಿದ್ದದ್ದು ಅಷ್ಟೇ. ಆಗ ಅಲ್ಲಿ ಬಿಳಿಯರ ಮಕ್ಕಳಿಗೊಂದು ಶಾಲೆ, ಕಪ್ಪು ಮಕ್ಕಳಿಗೊಂದು ಶಾಲೆ. ಹ್ಯೂಮ್ಸ್ ಬಿಳಿಯರದು. ದನಿ ಕೇಳಿ ಕಪ್ಪು ಹುಡುಗ ಎಂದುಕೊಂಡವರಿಗೆಲ್ಲ ಶಾಲೆಯ ಹೆಸರೇ ಉತ್ತರ ಹೇಳಿತು. ಜಾತಿ ಕೇಳಲು ಮುಜುಗರವಾಗಿ “ನಿಮ್ಮ ಮನೆ ಯಾವ ಓಣಿಯಲ್ಲಿ?” ಎನ್ನುವ ಜಾಣರು ನಮ್ಮಲ್ಲೂ ಇದ್ದಾರಲ್ಲ, ಹಾಗೆ.

ಇನ್ನು ಫ್ರೀಡ್. 1951ರಿಂದ ಕ್ಲೀವ್‌ಲ್ಯಾಂಡ್ ರೇಡಿಯೋದಲ್ಲಿ ಕಪ್ಪು ಗಾಯಕರ ಪ್ಲೇಟು ಹಾಕುತ್ತಿದ್ದ. ಮರುವರ್ಷದ ಮಾರ್ಚ್‌ನಲ್ಲಿ ಒಂದು ಕಾರ್ಯಕ್ರಮ ಇಟ್ಟ. ಸುಮಾರು 10,000 ಜನ ಹಿಡಿಯುವ ಜಾಗಕ್ಕೆ ಅದರ ದುಪ್ಪಟ್ಟು ಜನ ನುಗ್ಗಿದರು. ಶುರುವಾಗುತ್ತಲೇ ಪೊಲೀಸರು ನಿಲ್ಲಿಸಬೇಕಾಯಿತು. ಬಿಳಿಯರು ಹಾಡಿದ ನಕಲು ಬೇಡ, ಮೂಲ ಹಾಡಿದವರದೇ ಹಾಕುತ್ತೇನೆ ಎಂಬ ಹಟ ಅವನದು. ಆ ಹಟ ನನಗೆ ಇಷ್ಟ. ಆದರೆ ಚಕ್ ಬೆರಿ ಬರೆದ ‘ಮೇಬಲೀನ್’ ಹಾಡಿಗೆ ಜೊತೆ ಬರಹಗಾರ ಎಂದು ಇವನ ಹೆಸರೂ ಸೇರಿತ್ತು! ಸುಮ್ನೆ ಸೇರುತ್ತದೆಯೇ? ಹಾಡು ಹೆಚ್ಚು ಸಲ ರೇಡಿಯೋದಲ್ಲಿ ಬಂದಷ್ಟೂ ಇವನಿಗೂ ಪಾಲು. 1962ರಲ್ಲಿ, ಹಾಡು ಹಾಕಲು ಲಂಚ ಪಡೆದ ತಪ್ಪು ಒಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದ. ದಂಡ ಚಿಕ್ಕದು. ಆದರೆ ದೊಡ್ಡ ರೇಡಿಯೋದ ಬಾಗಿಲು ಆಗಲೇ ಮುಚ್ಚಿತ್ತು. 1965ರಲ್ಲಿ, 43ಕ್ಕೇ, ತೀರಿಕೊಂಡ.

ಮೆಚ್ಚಿ ಹಾಕಿದ ಪ್ಲೇಟು ಯಾವುದು, ದುಡ್ಡಿಗೆ ಹಾಕಿದ್ದು ಯಾವುದು ಎಂದು ಕೇಳುವವರಿಗೆ ದನಿಯಲ್ಲೇ ಗೊತ್ತಾಗುತ್ತಿತ್ತೇ? ಇದನ್ನು ನಿಮ್ಮಂಥವರೇ ಹೇಳಬೇಕು. ಮುಂದಿನ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿದ್ದೇನೆ. ಸಿಲೋನ್ ಹಿಡಿಯಲು ಮುಳ್ಳು ಎಲ್ಲಿ ನಿಲ್ಲಿಸುತ್ತಿದ್ದಿರಿ, ಅದನ್ನೂ ಬರೆಯಿರಿ.

– ಸಂಪಾದಕ