ಓದುಗರ ಪ್ರಶ್ನೆ: ವರ್ಷಕ್ಕೊಂದು ತಿಮಿಂಗಿಲ ಶಾರ್ಕ್ ಬಂದರೆ ಸಾಕೇ?

ಪ್ರಶ್ನೆ: ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗಿನ ತಿಮಿಂಗಿಲ ಶಾರ್ಕ್‌ಗಳೆಲ್ಲ ಅನುವಂಶೀಯವಾಗಿ ಹೆಚ್ಚುಕಡಿಮೆ ಒಂದೇ ಗುಂಪು ಎಂದು ಓದಿದೆ. ಹಾಗಾದರೆ ಗುಜರಾತಿನ ಕಡಲಲ್ಲಿ ಕಡಿಮೆಯಾದರೂ ಬೇರೆ ಕಡೆಯವು ಬಂದು ಆ ಜಾಗ ತುಂಬುವುದಿಲ್ಲವೆ? (ಓದುಗರು, ಕುಮಟಾ)

ಉತ್ತರ: ಓದಿದ್ದು ಸರಿ, ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. 2007ರಲ್ಲಿ 70 ಮೀನುಗಳ ಮೈಟೊಕಾಂಡ್ರಿಯಾ ಡಿಎನ್‌ಎ (ತಾಯಿಯಿಂದ ಮಾತ್ರ ಬರುವಂಥದು) ಹೋಲಿಸಿದಾಗ ಅಟ್ಲಾಂಟಿಕ್‌ನವು ಬೇರೆಯಾಗಿ ಕಂಡವು. 2014ರಲ್ಲಿ 635 ಮಾದರಿಗಳ ಅಧ್ಯಯನವೂ ಅಟ್ಲಾಂಟಿಕ್, ಇಂಡೋ-ಪೆಸಿಫಿಕ್ ಎಂದು ಎರಡೇ ಗುಂಪು ಗುರುತಿಸಿತು.

ಈಗ ಲೆಕ್ಕ ನೋಡಿ. ಎರಡು ಗುಂಪುಗಳ ಅಂತರವನ್ನು ಎಫ್‌ಎಸ್‌ಟಿ ಎಂಬ ಅಂಕಿಯಿಂದ ಅಳೆಯುತ್ತಾರೆ. 0 ಎಂದರೆ ವ್ಯತ್ಯಾಸವಿಲ್ಲ, 1 ಎಂದರೆ ಪೂರ್ತಿ ಬೇರೆ. ತಂದೆತಾಯಿ ಇಬ್ಬರಿಂದಲೂ ಬರುವ ಡಿಎನ್‌ಎಯಾದರೆ, 1ನ್ನು ಎಫ್‌ಎಸ್‌ಟಿಯಿಂದ ಭಾಗಿಸಿ, 1 ಕಳೆದು, ಉಳಿದದ್ದನ್ನು 4ರಿಂದ ಭಾಗಿಸಿದರೆ ಒಂದು ತಲೆಮಾರಿನಲ್ಲಿ ಆಚೆಯಿಂದ ಬಂದು ಮರಿ ಹಾಕುವ ಮೀನುಗಳ ಸಂಖ್ಯೆ ಸಿಗುತ್ತದೆ. ಉದಾಹರಣೆಗೆ 0.01 ಹಾಕಿದರೆ ಸುಮಾರು 25. ಈ ಮೀನಿನ ತಲೆಮಾರನ್ನು ಸುಮಾರು 25 ವರ್ಷವೆಂದು ಲೆಕ್ಕ ಹಿಡಿಯುತ್ತಾರೆ. ಅಲ್ಲಿಗೆ ವರ್ಷಕ್ಕೆ ಒಂದೇ ಒಂದು ಮೀನು ಬಂದರೂ ಡಿಎನ್‌ಎ ‘ಎಲ್ಲ ಒಂದೇ’ ಎನ್ನುತ್ತದೆ! ಸೂತ್ರ ತೀರಾ ಸರಳವಾದದ್ದು, ಆದರೂ ಪ್ರಮಾಣ ಅರ್ಥವಾಗಲು ಸಾಕು.

ಗುಜರಾತಿನ ವೆರಾವಲ್ ಬಂದರಿನ ಸುತ್ತಮುತ್ತ ಬೇಟೆ ಜೋರಾಗಿದ್ದಾಗ ವರ್ಷಕ್ಕೆ ನೂರಾರು ಸಾಯುತ್ತಿದ್ದವು. ವರ್ಷಕ್ಕೊಂದರ ವಲಸೆ ಅದನ್ನು ತುಂಬಿಕೊಡುವುದು ಹೇಗೆ? ಮೇಲಾಗಿ ಇವು ನಿಧಾನವಾಗಿ ಬೆಳೆಯುವ ಮೀನುಗಳು. ಪಾಕಿಸ್ತಾನದಲ್ಲಿ ಸಿಕ್ಕ ಹತ್ತು ಮೀಟರ್ ಉದ್ದದ ಮೀನಿನ ಬೆನ್ನುಮೂಳೆಯ ಉಂಗುರಗಳನ್ನು ಅಣುಬಾಂಬ್ ಪರೀಕ್ಷೆಗಳ ಕಾಲದ ಇಂಗಾಲದ ಜತೆ ತಾಳೆ ನೋಡಿದಾಗ ಅದಕ್ಕೆ 50 ವರ್ಷ ಎಂದು 2020ರಲ್ಲಿ ಗೊತ್ತಾಯಿತು. ಗಂಡು ಪ್ರಾಯಕ್ಕೆ ಬರುವುದೇ ಎಂಟು ಮೀಟರ್ ಆಸುಪಾಸಿನಲ್ಲಿ. ಇನ್ನೊಂದು ಎಚ್ಚರಿಕೆ: ಆಸ್ಟ್ರೇಲಿಯಾದ ನಿಂಗಲೂ ಹವಳದಿಬ್ಬದ ಬಳಿ ಸತತ ಐದು ವರ್ಷಗಳ ಮಾದರಿಗಳಲ್ಲಿ ಅನುವಂಶೀಯ ವೈವಿಧ್ಯ ಇಳಿಯುತ್ತಿದೆ ಎಂದೂ ಅದೇ 2014ರ ಅಧ್ಯಯನ ಹೇಳಿದೆ. ಗುಂಪು ಒಂದೇ ಆಗಿರುವುದರಿಂದ ಒಂದು ದೇಶದ ಬೇಟೆಯ ಪೆಟ್ಟು ಇನ್ನೊಂದು ದೇಶದ ಕಡಲಿಗೂ ತಟ್ಟುತ್ತದೆ ಎಂದೇ ನಾವು ಓದಿಕೊಳ್ಳಬೇಕು.

ಪ್ರಶ್ನೆ: ಬದುಕಿರುವ ಮೀನಿನ ಡಿಎನ್‌ಎ ಮಾದರಿ ತೆಗೆಯುವುದು ಹೇಗೆ? (ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಮೊದಲು ಕ್ಯಾಮೆರಾ, ಆಮೇಲೆ ಈಟಿ. ಎಡಪಕ್ಕದಲ್ಲಿ ಕಿವಿರು ಸೀಳುಗಳ ಹಿಂದೆ, ಎದೆಯ ರೆಕ್ಕೆಯ ಮೇಲ್ಭಾಗದ ಚುಕ್ಕೆಗಳು ಚೌಕಟ್ಟಿನಲ್ಲಿ ಪೂರ್ತಿ ಬರುವಂತೆ ಫೋಟೊ ತೆಗೆಯಬೇಕು. ಚುಕ್ಕೆಗಳ ವಿನ್ಯಾಸ ಒಂದೊಂದು ಮೀನಿಗೂ ಬೇರೆ. ಅದನ್ನು ತಾಳೆ ನೋಡುವ ತಂತ್ರಾಂಶ ಮೂಲತಃ ಖಗೋಳ ವಿಜ್ಞಾನಿಗಳು ನಕ್ಷತ್ರಗಳನ್ನು ಹೋಲಿಸಲು ಬಳಸುತ್ತಿದ್ದ ಲೆಕ್ಕಾಚಾರ. ಫೋಟೊ ಬಿಟ್ಟರೆ ಒಂದೇ ಮೀನು ಎರಡು ಮಾದರಿಯಾಗಿ ಪಟ್ಟಿಗೆ ಸೇರುವ ಅಪಾಯವಿದೆ.

ಆಮೇಲೆ ಕೋಲಿನ ತುದಿಯ ಟೊಳ್ಳು ಮೊನೆಯಿಂದ ಬೆನ್ನಿನ ರೆಕ್ಕೆಯ ಕೆಳಗಿನ ಪಕ್ಕೆಯಲ್ಲಿ ಚರ್ಮದ ಸಣ್ಣ ತುಣುಕು ತೆಗೆಯುತ್ತಾರೆ. ಚರ್ಮ ಬಹಳ ದಪ್ಪ. ಮೊನೆ ಮೊಂಡಾಗಿದ್ದರೆ ಬರಿಗೈಯಲ್ಲಿ ವಾಪಸ್. ತುಣುಕನ್ನು ಅದರ ಹತ್ತು ಪಟ್ಟು 95% ಇಥನಾಲ್‌ನಲ್ಲಿ ಹಾಕಿ ತಣ್ಣಗಿಡಿ. ಫಾರ್ಮಲಿನ್ ಬೇಡ, ಅದು ಡಿಎನ್‌ಎಯನ್ನು ಕೆಡಿಸಿ ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಹಾಳುಮಾಡುತ್ತದೆ. ಲ್ಯಾಬಿನಲ್ಲಿ 20-25 ಮಿಲಿಗ್ರಾಂ ಸಾಕು. ಚೂರು ಚೂರು ಮಾಡಿ ಪ್ರೋಟೀನೇಸ್-ಕೆ (ಪ್ರೋಟೀನ್ ಕರಗಿಸುವ ಕಿಣ್ವ) ಜತೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಿ. ಚರ್ಮದ ಮೇಲಿನ ಹಲ್ಲಿನಂಥ ಹುರುಪೆಗಳು ಕರಗುವುದಿಲ್ಲ, ಅವನ್ನು ತಳಕ್ಕಿಳಿಸಿ ಮೇಲಿನ ದ್ರವ ಮಾತ್ರ ಬಳಸಿ.

ಚುಚ್ಚದೆಯೂ ಆಗುತ್ತದೆ. ನಿಂಗಲೂದಲ್ಲಿ ಮೀನಿನ ಮೈಗೆ ಅಂಟಿದ ಕೋಪೆಪಾಡ್ ಎಂಬ ಸಿಗಡಿ ಜಾತಿಯ ಪುಟ್ಟ ಪರಾವಲಂಬಿಗಳಿಂದ ಅದರ ಡಿಎನ್‌ಎ ತೆಗೆದಿದ್ದಾರೆ. ಕತಾರಿನ ಅಲ್ ಶಹೀನ್ ತೈಲಕ್ಷೇತ್ರದಲ್ಲಿ ಬರೀ ಸಮುದ್ರದ ನೀರು ಸೋಸಿಯೇ ಹೆಣ್ಣುಗಳ ಸಂಖ್ಯೆಯನ್ನು ಅಂದಾಜು ಮಾಡಿದ್ದಾರೆ. ಆದರೆ ತೀರದ ಬಳಿ ಮೇಯಲು ಸೇರುವವು ಬಹುತೇಕ ಎಳೆಯ ಗಂಡುಗಳೇ. ಮೊದಲ ಉತ್ತರದ ಲೆಕ್ಕವನ್ನು ನಿಮ್ಮ ಅಂಕಿಅಂಶದಲ್ಲಿ ಮಾಡುವಾಗ ಇದು ನೆನಪಿರಲಿ. ಮರಿ ಹಾಕುವ ಹೆಣ್ಣುಗಳ ಓಡಾಟ ಅದರಲ್ಲಿ ನೇರವಾಗಿ ಇರುವುದೇ ಇಲ್ಲ.

ಭಾರತದಲ್ಲಿ ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಪ್ರಶ್ನೆ: ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ನಮ್ಮ ಪರ್ಸೀನ್ ಬಲೆಯೊಳಗೆ ತಿಮಿಂಗಿಲ ಶಾರ್ಕ್ ಸಿಕ್ಕರೆ ಏನು ಮಾಡಬೇಕು? (ಬೋಟ್ ಮಾಲೀಕರು, ಮಲ್ಪೆ)

ಉತ್ತರ: 2001ರ ಮೇ 28ರಿಂದ ಇದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಕೊಲ್ಲುವುದು, ಮಾರುವುದು ಎರಡೂ ಅಪರಾಧ. ಪ್ರೊಪೆಲ್ಲರ್ ನಿಲ್ಲಿಸಿ, ತೇಲುಬೆಂಡುಗಳ ಹಗ್ಗವನ್ನು ಒಂದು ಕಡೆ ನೀರಿನೊಳಕ್ಕೆ ಅದುಮಿ ದಾರಿ ಬಿಡಿ. ಹೋಗದಿದ್ದರೆ ಬಲೆ ಕೊಯ್ಯಿರಿ. ಬಾಲಕ್ಕೆ ಹಗ್ಗ ಕಟ್ಟಿ ಎಳೆಯಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಬಿಟ್ಟ ಮೇಲೆ ಈಜಿಕೊಂಡು ಹೋದಂತೆ ಕಂಡರೂ ಮುಂದೆ ಸಾಯಬಹುದು. ಗುಜರಾತಿನಲ್ಲಿ ಕೊಯ್ದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುವುದರಿಂದಲೇ ಮೀನುಗಾರರು ಮನಸ್ಸು ಮಾಡಿ ಬಲೆ ಕೊಯ್ಯುತ್ತಿದ್ದಾರೆ. ಅಂಥದೊಂದು ನಮ್ಮ ಕರಾವಳಿಗೂ ಬೇಕೆಂದು ನಿಮ್ಮ ಮೀನುಗಾರರ ಸಂಘದಿಂದಲೇ ಕೇಳಿ. ಸತ್ತೇ ಸಿಕ್ಕರೆ ರೆಕ್ಕೆಗೆ ಕೈಹಾಕದೆ ಅರಣ್ಯ ಇಲಾಖೆಗೆ ತಿಳಿಸಿ, ಎಡಪಕ್ಕದ ಒಂದು ಫೋಟೊ ಮಾತ್ರ ತೆಗೆದಿಡಿ.