ಓದುಗರ ಪ್ರಶ್ನೆ: ಬಿಸಿಲೂರಿನಲ್ಲಿ ಬೆಟ್ಟಾ ಮೀನಿನ ಆರೈಕೆ

ಪ್ರಶ್ನೆ: ನಾಲ್ಕನೆಯ ತರಗತಿಯಲ್ಲಿ ಓದುವ ಮಗಳ ಹಟಕ್ಕೆ ಮಣಿದು ಕಳೆದ ತಿಂಗಳು ನೀಲಿ ಬಣ್ಣದ ಫೈಟರ್ ಮೀನೊಂದನ್ನು ತಂದೆವು. ಇದಕ್ಕೆ ಗಾಳಿಯ ಮಷೀನು ಬೇಡ, ಸಣ್ಣ ಬಟ್ಟಲಿನಲ್ಲಿಯೂ ಬದುಕುತ್ತದೆ ಎಂದು ಅಂಗಡಿಯವರು ಹೇಳಿ, ಗಾಜಿನ ಗುಂಡನೆಯ ಬಟ್ಟಲೊಂದನ್ನೂ ಕೊಟ್ಟರು. ದಿನ ಬಿಟ್ಟು ದಿನ ಬಟ್ಟಲನ್ನು ಸೋಪಿನಿಂದ ತೊಳೆದು ಹೊಸ ಬೋರ್‌ವೆಲ್ ನೀರು ತುಂಬುತ್ತಿದ್ದೆ. ಚುರಮುರಿಯನ್ನು ಪುಡಿ ಮಾಡಿ ಹಾಕಿದರೆ ಅದು ಬಾಯಿಗೆ ತೆಗೆದುಕೊಂಡು ಉಗುಳುತ್ತಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಸತ್ತಿತ್ತು. ಮಗಳು ಆ ದಿನ ಊಟ ಮಾಡಲಿಲ್ಲ. ಇನ್ನೊಂದನ್ನು ತರುವ ಮೊದಲು ನನ್ನ ತಪ್ಪು ಎಲ್ಲಿತ್ತೆಂದು ತಿಳಿಯಬೇಕಾಗಿದೆ. ಹೊಸ ತೊಟ್ಟಿಯ ತಳಕ್ಕೆ ಮನೆಯಲ್ಲಿ ಉಳಿದಿರುವ ಪರಸಿ ಕಲ್ಲಿನ ಚೂರುಗಳನ್ನು ಹಾಕಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಪತ್ರವನ್ನು ಓದಿದಾಗ ನಿಮ್ಮಲ್ಲಿ ಕಾಳಜಿಯ ಕೊರತೆ ಇರಲಿಲ್ಲವೆಂಬುದು ಸ್ಪಷ್ಟವಾಗಿ ಕಾಣುತ್ತದೆ. ದಿನ ಬಿಟ್ಟು ದಿನ ನೀವು ಪಟ್ಟ ಶ್ರಮವೇ ಆ ಮೀನಿಗೆ ಭಾರವಾಯಿತು ಎಂದು ಬರೆಯಲು ನನಗೂ ಕಷ್ಟವಾಗುತ್ತದೆ. ಆದರೆ ಎರಡನೆಯ ಮೀನು ಉಳಿಯಬೇಕಾದರೆ ಅದನ್ನು ಹೇಳಲೇಬೇಕು.

ಮೊದಲು ಅಂಗಡಿಯವರ ಮಾತನ್ನು ನೋಡೋಣ. ಅದರಲ್ಲಿ ಅರ್ಧ ನಿಜವಿದೆ. ಫೈಟರ್ ಎಂದೂ ಕರೆಯುವ ಈ ಬೆಟ್ಟಾ ಮೀನಿನ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ, ಮಡಿಕೆ ಮಡಿಕೆಯಾದ ಒಂದು ಅಂಗವಿದೆ. ಅದರ ನೆರವಿನಿಂದ ಅದು ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ಆದ್ದರಿಂದ ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಬೇರೆ ಮೀನುಗಳಿಗಿಂತ ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ. ಆದರೆ ತಾಳಿಕೊಳ್ಳುವುದು ಬೇರೆ, ಆರೋಗ್ಯವಾಗಿ ಬದುಕುವುದು ಬೇರೆ. ಈ ಮೀನಿನ ಮೂಲ ನೆಲೆ ಥಾಯ್ಲೆಂಡ್ ಮತ್ತು ಅದರ ಸುತ್ತಲಿನ ದೇಶಗಳು. ಥಾಯ್ಲೆಂಡ್ ಸರ್ಕಾರ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿದೆ. ಅಲ್ಲಿ ಅದು ಭತ್ತದ ಗದ್ದೆಗಳಲ್ಲಿ, ಕಳೆ ತುಂಬಿದ ಹೊಂಡಗಳಲ್ಲಿ ಇರುತ್ತದೆ. ಸುರಪುರ, ಶಹಾಪುರದ ಕಡೆ ಕಾಲುವೆ ನೀರು ನಿಂತ ಗದ್ದೆಗಳನ್ನು ನೀವು ನೋಡಿದ್ದರೆ ಅಂಥ ಜಾಗ ಹೇಗಿರುತ್ತದೆಂದು ಊಹಿಸಬಹುದು. ಆಳ ಮೊಣಕಾಲಿನಷ್ಟೂ ಇರದು, ಆದರೆ ಹರವು ಬಹಳ. ಮೀನು ಹೊರಹಾಕಿದ ಹೊಲಸು ಅಷ್ಟು ನೀರಿನಲ್ಲಿ ಕರಗಿ ಹೋಗುತ್ತದೆ. ಎರಡು ಲೀಟರಿನ ಬಟ್ಟಲಿನಲ್ಲಿ ಅದು ಎಲ್ಲಿಗೆ ಹೋಗಬೇಕು?

ಆ ಹೊಲಸಿನ ಹೆಸರು ಅಮೋನಿಯಾ. ಮೀನು ಅದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಹೊರಬಿಡುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರು ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತದೆ. ಹಳೆಯದಾದ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಗಾಜಿನ ಗೋಡೆಯ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀವು ಬಟ್ಟಲನ್ನು ಸೋಪಿನಿಂದ ತಿಕ್ಕಿದ ಪ್ರತಿ ಸಲವೂ ಅವು ತೊಳೆದು ಹೋದವು, ಜೊತೆಗೆ ಸೋಪಿನ ಅಂಶ ಗಾಜಿಗೆ ಅಂಟಿ ಉಳಿದಿರಲೂ ಸಾಕು. ಹೊಸ ನೀರಿನ ಬಿಸಿ, ಗಡಸುತನ ಎಲ್ಲವೂ ಒಂದೇ ಗಳಿಗೆಯಲ್ಲಿ ಬದಲಾಗಿ ಮೀನಿನ ಮೈಗೆ ಪೆಟ್ಟಾಯಿತು.

ಇದರ ಮೇಲೆ ನಮ್ಮ ಊರಿನ ನೀರಿನ ಗುಣವೂ ಸೇರಿಕೊಳ್ಳುತ್ತದೆ. ಸ್ನಾನದ ಬಕೆಟ್ಟಿನ ಅಂಚಿಗೆ, ಗೀಜರಿನ ಕಾಯಿಲಿಗೆ ಬಿಳಿ ಪೊರೆ ಕಟ್ಟುವುದನ್ನು ಕಲಬುರಗಿಯಲ್ಲಿ ಬೋರ್‌ವೆಲ್ ಇರುವ ಅನೇಕ ಮನೆಗಳಲ್ಲಿ ಕಾಣಬಹುದು. ಇಂಥ ಗಡಸು ನೀರು ಹೆಚ್ಚಾಗಿ ಕ್ಷಾರದ ಕಡೆಗೆ ವಾಲಿರುತ್ತದೆ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7ರಿಂದ 8ಕ್ಕೆ ಏರಿದರೆ, ಅದರಲ್ಲಿರುವ ಅಷ್ಟೇ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಭಾಗ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಬಿಸಿ ಏರಿದರೂ ಆ ಭಾಗ ಹೆಚ್ಚುತ್ತದೆ. ಹಾಗಾಗಿ ತಂಪಾದ, ಮೆದು ನೀರಿನ ಊರಿನಲ್ಲಿ ದಕ್ಕಿಹೋಗುವ ಅಜಾಗ್ರತೆ ಇಲ್ಲಿ ದಕ್ಕುವುದಿಲ್ಲ.

ಪರಸಿ ಕಲ್ಲನ್ನು ಹಾಕಬಾರದೆಂದು ಹೇಳುವುದೂ ಇದೇ ಕಾರಣಕ್ಕೆ. ನಮ್ಮಲ್ಲಿ ಪರಸಿ ಎನ್ನುವ ಶಹಾಬಾದಿನ ಕಲ್ಲು ಸುಣ್ಣಕಲ್ಲು. ನೀರಿನಲ್ಲಿ ನಿಧಾನವಾಗಿ ಕರಗುತ್ತ ಗಡಸುತನವನ್ನು ಇನ್ನಷ್ಟು ಏರಿಸುತ್ತದೆ. ಯಾವ ಕಲ್ಲನ್ನಾದರೂ ತೊಟ್ಟಿಗೆ ಹಾಕುವ ಮೊದಲು ಅದನ್ನು ಸ್ವಲ್ಪ ಕೆರೆದು, ಕೆರೆದ ಜಾಗಕ್ಕೆ ನಾಲ್ಕು ಹನಿ ವಿನೆಗರ್ ಬಿಡಿ. ಸಣ್ಣ ಗುಳ್ಳೆಗಳೆದ್ದರೆ ಅದರಲ್ಲಿ ಸುಣ್ಣವಿದೆ ಎಂದರ್ಥ.

ಹೊಸ ಮೀನಿಗೆ ಕನಿಷ್ಠ 20 ಲೀಟರಿನ, ಎತ್ತರಕ್ಕಿಂತ ಉದ್ದ ಹೆಚ್ಚಿರುವ ತೊಟ್ಟಿಯನ್ನು ಕೊಳ್ಳಿರಿ. ಉದ್ದ ರೆಕ್ಕೆಗಳ ಗಂಡು ಬೆಟ್ಟಾ ಬಲವಾದ ಈಜುಗಾರನಲ್ಲ. ಉಸಿರಿಗಾಗಿ ಪದೇ ಪದೇ ಮೇಲೆ ಬರಬೇಕಾದ ಅದಕ್ಕೆ ಆಳವಾದ ತೊಟ್ಟಿ ದಣಿವು ತರುತ್ತದೆ. ಫಿಲ್ಟರ್ ಬೇಕು, ಆದರೆ ನೀರನ್ನು ರಭಸದಿಂದ ತಳ್ಳುವಂಥದು ಬೇಡ. ಸ್ಪಂಜ್ ಫಿಲ್ಟರ್ ಸಾಕು. ಚೂಪಾದ ಪ್ಲಾಸ್ಟಿಕ್ ಗಿಡಗಳು ರೆಕ್ಕೆಯನ್ನು ಹರಿಯುತ್ತವೆ, ಜಾವಾ ಫರ್ನ್ ಅಥವಾ ಅನೂಬಿಯಾಸ್‌ನಂಥ ಜೀವಂತ ಗಿಡಗಳು ಕಡಿಮೆ ಬೆಳಕಿನಲ್ಲಿಯೂ ಬದುಕುತ್ತವೆ. ತೊಟ್ಟಿಗೆ ಮುಚ್ಚಳ ಬೇಕೇ ಬೇಕು. ನನ್ನ ಮೊದಲ ಬೆಟ್ಟಾವನ್ನು ನಾನು ಕಳೆದುಕೊಂಡದ್ದು ಎರಡು ಬೆರಳಿನಷ್ಟು ಅಗಲದ ಸಂದಿಯಿಂದ. ಬೆಳಿಗ್ಗೆ ದೀಪ ಹಾಕಿದಾಗ ಅದು ತೊಟ್ಟಿಯಿಂದ ಒಂದು ಮೊಳ ದೂರ ನೆಲದ ಪರಸಿಗೆ ಅಂಟಿಕೊಂಡು ಒಣಗಿತ್ತು, ಬಾಲದ ಕೆಂಪು ಮಾತ್ರ ಹಾಗೆಯೇ ಇತ್ತು. ಮುಚ್ಚಳ ಮತ್ತು ನೀರಿನ ನಡುವೆ ಮೂರು ನಾಲ್ಕು ಬೆರಳಿನಷ್ಟು ಗಾಳಿಯ ಜಾಗವನ್ನು ಮಾತ್ರ ಬಿಡಲು ಮರೆಯಬೇಡಿ.

ನಳದ ನೀರಾದರೆ ಕ್ಲೋರಿನ್ ಹೋಗಲು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ಇಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿಗಳನ್ನು ಹೇಳಿದ ಅಳತೆಯಲ್ಲಿ ಬೆರೆಸಿ. ಬೋರ್‌ವೆಲ್ ನೀರು ತೀರ ಗಡಸಾಗಿದ್ದರೆ ಅದಕ್ಕೆ ಅರ್ಧದಷ್ಟು ಆರ್‌ಒ ನೀರನ್ನು ಸೇರಿಸಬಹುದು. ಬರೀ ಆರ್‌ಒ ನೀರಿನಲ್ಲಿ ಮೀನಿಗೆ ಬೇಕಾದ ಲವಣಗಳೇ ಇರುವುದಿಲ್ಲ. ಯಾವ ನೀರನ್ನು ಆರಿಸಿದರೂ ಪ್ರತಿ ಸಲ ಅದೇ ಬೆರಕೆ ಇರಲಿ. ಬೆಟ್ಟಾ ಸ್ವಲ್ಪ ಗಡಸಿಗೆ ಹೊಂದಿಕೊಳ್ಳುತ್ತದೆ, ದಿನಕ್ಕೊಂದು ಬಗೆಯ ನೀರಿಗೆ ಹೊಂದಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಮಾತ್ರ ತೆಗೆದು ಹೊಸದನ್ನು ನಿಧಾನವಾಗಿ ಸುರಿಯಿರಿ. ಸ್ಪಂಜು ಕೊಳಕಾದರೆ ಹೊರತೆಗೆದ ಆ ಹಳೆಯ ನೀರಿನಲ್ಲಿಯೇ ಹಿಂಡಿ, ನಳದ ಕೆಳಗೆ ಹಿಡಿಯಬೇಡಿ. ತೊಟ್ಟಿ ಹೊಸದಿರುವ ಮೊದಲ ಆರು ವಾರ ಮಾತ್ರ ಈ ಲೆಕ್ಕ ಸಾಲದು; ಪರಿಚಿತರಲ್ಲಿ ಆರೋಗ್ಯವಾದ ಹಳೆಯ ತೊಟ್ಟಿಯಿದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಬೇಡಿ ತಂದು ನಿಮ್ಮದರಲ್ಲಿ ಇಡಿ, ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಕಂಡ ದಿನವೆಲ್ಲ ಸ್ವಲ್ಪ ನೀರು ಬದಲಿಸಿ.

ಬೇಸಿಗೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಟ್ಟಾಗೆ ಹಿತವಾದದ್ದು 24ರಿಂದ 28 ಡಿಗ್ರಿ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗಿನ ಬಿಸಿಲು 42 ಡಿಗ್ರಿ ದಾಟುತ್ತದೆ, ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರಿಗೆ ಕೈಯೊಡ್ಡಲಾಗುವುದಿಲ್ಲ. ಆ ನೀರನ್ನು ನೇರವಾಗಿ ತೊಟ್ಟಿಗೆ ಹಾಕಿದರೆ ಮೀನು ಉಳಿಯುವುದಿಲ್ಲ. ಬದಲಿಸುವ ನೀರನ್ನು ನಸುಕಿನಲ್ಲಿಯೇ ಹಿಡಿದು, ತೊಟ್ಟಿಯಿರುವ ಕೋಣೆಯಲ್ಲಿಯೇ ಇಟ್ಟು, ಎರಡರ ಬಿಸಿಯೂ ಸಮನಾದ ಮೇಲೆ ಬಳಸಿ. ತೊಟ್ಟಿಯನ್ನು ಕೆಳಮನೆಯ, ಬಿಸಿಲು ಬೀಳದ ಗೋಡೆಯ ಪಕ್ಕದಲ್ಲಿಡಿ. ನೀರು 30 ದಾಟಿದರೆ ಮುಚ್ಚಳದ ಜಾಗಕ್ಕೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಚಿಕ್ಕ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಮಾಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸಿನ ತುಂಡುಗಳನ್ನು ನೇರವಾಗಿ ಹಾಕುವ ಆತುರ ಬೇಡ. ಹೀಗೆ ಆವಿಯಾಗಿ ಕಡಿಮೆಯಾದ ನೀರನ್ನು ಆರ್‌ಒ ನೀರಿನಿಂದಲೇ ತುಂಬಬೇಕು. ಆವಿಯಾಗುವುದು ನೀರು ಮಾತ್ರ, ಸುಣ್ಣವೆಲ್ಲ ತೊಟ್ಟಿಯಲ್ಲಿಯೇ ಉಳಿಯುತ್ತದೆ.

ಆಹಾರದ ಬಗ್ಗೆ: ನಿಮ್ಮ ಮೀನು ಚುರಮುರಿಯನ್ನು ಉಗುಳಿದ್ದು ಸರಿಯಾಗಿಯೇ ಇತ್ತು. ಬೆಟ್ಟಾ ಕೀಟಗಳನ್ನು ತಿನ್ನುವ ಮೀನು. ಮೇಲ್ಮುಖವಾಗಿ ತಿರುಗಿದ ಅದರ ಬಾಯಿ ನೀರಿನ ಮೇಲೆ ಬಿದ್ದ ಹುಳುಗಳನ್ನು ಹಿಡಿಯಲೆಂದೇ ಇದೆ. ಬೆಟ್ಟಾಗೆಂದೇ ಸಿಗುವ ಸಣ್ಣ ಗುಳಿಗೆಗಳನ್ನು ಬೆಳಿಗ್ಗೆ ಮೂರು, ಸಂಜೆ ಮೂರು ಹಾಕಿ, ವಾರಕ್ಕೊಂದು ದಿನ ಉಪವಾಸವಿಡಿ. ಸೊಳ್ಳೆಯ ಮರಿಹುಳುಗಳನ್ನು ಅದು ಬಹಳ ಇಷ್ಟಪಡುತ್ತದೆ, ಆದರೆ ಅದಕ್ಕಾಗಿ ಮನೆಯಲ್ಲಿ ನೀರು ನಿಲ್ಲಿಸಬೇಡಿ. ಡೆಂಗಿಯ ಸೊಳ್ಳೆ ಹುಟ್ಟುವುದೂ ಅಂಥ ನೀರಿನಲ್ಲಿಯೇ.

ಹೊಸ ಮೀನನ್ನು ಆರಿಸುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಬೆರಳು ಹತ್ತಿರ ತಂದರೆ ತಿರುಗಿ ನೋಡುವ, ರೆಕ್ಕೆಯ ಅಂಚು ಹರಿಯದ ಮೀನನ್ನು ಆಕೆಯೇ ಗುರುತಿಸಲಿ.

ಪ್ರಶ್ನೆ: ನಮ್ಮ ಬೆಟ್ಟಾ ಇರುವ ತೊಟ್ಟಿಯಲ್ಲಿ ನೀರಿನ ಮೇಲೆ ಒಂದು ಮೂಲೆಯಲ್ಲಿ ಬಿಳಿ ನೊರೆ ಕಟ್ಟುತ್ತಿದೆ. ನೀರು ಕೆಟ್ಟಿದೆಯೆಂದು ದಿನವೂ ಚಮಚದಿಂದ ತೆಗೆಯುತ್ತೇನೆ, ಮರುದಿನ ಮತ್ತೆ ಬರುತ್ತದೆ. ಚಳಿಗೆ ಹೀಟರ್ ಬೇಕೇ?
– ಓದುಗರೊಬ್ಬರು, ಬೀದರ್

ಉತ್ತರ: ದಯವಿಟ್ಟು ಚಮಚವನ್ನು ಪಕ್ಕಕ್ಕಿಡಿ. ಅದು ನಿಮ್ಮ ಮೀನು ಕಟ್ಟಿದ ಗೂಡು. ಬೆಳೆದ ಗಂಡು ಬೆಟ್ಟಾ ಮೇಲೆ ಬಂದು ಗಾಳಿಯನ್ನು ನುಂಗಿ, ಅದಕ್ಕೆ ತನ್ನ ಬಾಯಿಯ ಲೋಳೆಯನ್ನು ಸವರಿ, ಒಂದೊಂದೇ ಗುಳ್ಳೆಯಾಗಿ ಎಲೆಯ ಅಡಿಗೋ ಮೂಲೆಗೋ ಬಿಡುತ್ತದೆ. ತೊಟ್ಟಿಯ ಮುಂದೆ ಅಲುಗಾಡದೆ ಹತ್ತು ನಿಮಿಷ ಕುಳಿತರೆ ಈ ಕೆಲಸವನ್ನು ನೀವೇ ನೋಡಬಹುದು. ಹೆಣ್ಣು ಇಟ್ಟ ಮೊಟ್ಟೆಗಳನ್ನು ಆ ಗುಳ್ಳೆಗಳ ನಡುವೆ ಸೇರಿಸಿ, ಕೆಳಗೆ ಬಿದ್ದವನ್ನು ಬಾಯಲ್ಲಿ ಹಿಡಿದು ತಂದು ಮತ್ತೆ ಇಟ್ಟು ಕಾಯುವುದು ಗಂಡಿನ ಕೆಲಸ. ಹೆಣ್ಣು ಇಲ್ಲದಿದ್ದರೂ ಅದು ಗೂಡು ಕಟ್ಟುತ್ತದೆ. ಇದನ್ನು ನೋಡಿ ಹೆಣ್ಣೊಂದನ್ನು ತಂದು ಬಿಡಬೇಡಿ. ಪಳಗಿದವರ ಕಣ್ಗಾವಲಿಲ್ಲದೆ ಜೊತೆ ಮಾಡಿದರೆ ಗಂಡು ಅದನ್ನು ಕಚ್ಚಿ ಗಾಯಗೊಳಿಸುತ್ತದೆ, ಕೊಲ್ಲಲೂಬಹುದು.

ಹೀಟರ್ ಬೇಕು. ಬೀದರಿನ ಚಳಿಗಾಲದ ರಾತ್ರಿಗಳಲ್ಲಿ ಕೋಣೆಯೊಳಗಿನ ನೀರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಮೀನು ತಳದಲ್ಲಿ ಮಂಕಾಗಿ ಮಲಗುತ್ತದೆ, ತಿಂದದ್ದು ಅರಗುವುದಿಲ್ಲ. 20–25 ಲೀಟರಿಗೆ ಥರ್ಮೋಸ್ಟ್ಯಾಟ್ ಇರುವ 50 ವ್ಯಾಟಿನ ಹೀಟರ್ ಸಾಕು. ಕರೆಂಟ್ ಹೋದರೆ ತೊಟ್ಟಿಯ ಸುತ್ತ ಚಾದರ ಹೊದಿಸಿ, ಮೇಲೆ ಗಾಳಿಯಾಡಲು ಸ್ವಲ್ಪ ಸಂದಿ ಬಿಡಿ. ನೀರು ಬದಲಿಸುವ ಮೊದಲು ಹೀಟರಿನ ಸ್ವಿಚ್ ಆರಿಸುವುದನ್ನು ಮರೆಯಬೇಡಿ, ನೀರಿನಿಂದ ಹೊರಬಂದ ಬಿಸಿ ಗಾಜು ಒಡೆಯುತ್ತದೆ.

ಪ್ರಶ್ನೆ: ಸಂಕ್ರಾಂತಿಗೆ ಐದು ದಿನ ಊರಿಗೆ ಹೋಗಬೇಕಾಗಿದೆ. ಮೀನನ್ನು ಏನು ಮಾಡುವುದು?
– ಓದುಗರೊಬ್ಬರು, ಯಾದಗಿರಿ

ಉತ್ತರ: ಆರೋಗ್ಯವಾಗಿರುವ ಬೆಳೆದ ಬೆಟ್ಟಾ ಐದು ದಿನದ ಉಪವಾಸವನ್ನು ತೊಂದರೆಯಿಲ್ಲದೆ ಕಳೆಯುತ್ತದೆ. ಹೊರಡುವ ಮುನ್ನಾದಿನ ಕಾಲು ಭಾಗ ನೀರು ಬದಲಿಸಿ, ಫಿಲ್ಟರ್ ಚಾಲೂ ಇಟ್ಟು, ಮುಚ್ಚಳ ಭದ್ರಪಡಿಸಿ ನಿಶ್ಚಿಂತೆಯಿಂದ ಹೊರಡಿ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿಯನ್ನೇ ಕೊಟ್ಟು ಹೋದರೆ ಅವರು ಪ್ರೀತಿಯಿಂದ ಹೆಚ್ಚು ಹಾಕುತ್ತಾರೆ. ತಿನ್ನದೆ ಉಳಿದದ್ದು ಕೊಳೆತು ನೀರು ಕೆಡುತ್ತದೆ. ಹಾಕಿಸಲೇಬೇಕೆಂದಿದ್ದರೆ ಮೂರು ಮೂರು ಗುಳಿಗೆಗಳನ್ನು ಕಾಗದದಲ್ಲಿ ಮಡಚಿ ಎರಡೇ ಪೊಟ್ಟಣ ಮಾಡಿ, ಒಂದೊಂದರ ಮೇಲೆ ಹಾಕಬೇಕಾದ ವಾರದ ಹೆಸರು ಬರೆದು ಕೊಡಿ, ಡಬ್ಬಿಯನ್ನು ಕಪಾಟಿನಲ್ಲಿಡಿ.